ಹೆಬ್ಬಟ್ಟಿಗೆ ಮುಂಚೆ ಓದಬೇಕಾದ ಪುಸ್ತಕ

ಇದನ್ನು ಬರೆಯಬೇಕು ಅಂದುಕೊಂಡು ಎಷ್ಟೋ ದಿನ ಆಯ್ತು. ಸೋಮಾರಿತನ ಬಿಟ್ಟಿರಲಿಲ್ಲ. ಮೊನ್ನೆ ಬೇವೂರಿಗೆ ಹೋದಾಗ ಚಿಗವ್ವನ ಮನೆಯಲ್ಲಿ ಆದದ್ದು ನೋಡಿ, ಇನ್ನು ತಡ ಮಾಡಬಾರದು ಅನ್ನಿಸಿತು.

ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು. ನಮ್ಮ ಸಿಲಬಸ್ಸಿನಲ್ಲಿ ವೈದ್ಯಕೀಯ ನೀತಿ ಅಂತ ಒಂದು ಪಾಠ ಇದೆ. 'ಒಪ್ಪಿಗೆ ಪತ್ರದ ಅಂಶಗಳನ್ನು ಬರೆಯಿರಿ' ಅಂತ ಪ್ರಶ್ನೆ ಬರುತ್ತೆ. ಹುಡುಗಿಯರು ಬಾಯಿಪಾಠ ಮಾಡಿ ಬರೆಯುತ್ತಾರೆ, ಪೂರ್ತಿ ಮಾರ್ಕ್ಸೂ ತಗೊಳ್ತಾರೆ. ಅದೇ ಹುಡುಗಿಯರನ್ನು ವಾರ್ಡಿಗೆ ಕರೆದುಕೊಂಡು ಹೋದರೆ, ರೋಗಿಯ ಮುಂದೆ ಕಾಗದ ಹಿಡಿದು "ಇಲ್ಲಿ ಹೆಬ್ಬಟ್ ಒತ್ರಿ" ಅನ್ನೋದಷ್ಟೇ ಗೊತ್ತು. ಅದರಲ್ಲಿ ಏನಿದೆ ಅಂತ ಕೇಳಿದರೆ ಅವರಿಗೂ ತಿಳಿದಿರುವುದಿಲ್ಲ. (ನಾನೂ ಓದುವಾಗ ಹೀಗೇ ಇದ್ದೆ, ಸುಳ್ಳು ಯಾಕೆ ಹೇಳಲಿ.)

ಹಾಗಾಗಿ ಈ ವರ್ಷ ನೋಟ್ಸ್ ಪಕ್ಕಕ್ಕಿಟ್ಟೆ. ರೆಬೆಕಾ ಸ್ಕ್ಲೂಟ್ ಎಂಬಾಕೆ 2010ರಲ್ಲಿ ಬರೆದ 'ದಿ ಇಮ್ಮಾರ್ಟಲ್ ಲೈಫ್ ಆಫ್ ಹೆನ್ರಿಯೆಟ್ಟಾ ಲ್ಯಾಕ್ಸ್' ಪುಸ್ತಕವನ್ನು ಕ್ಲಾಸಿಗೆ ತಂದೆ. ಪುಸ್ತಕ ಒಂದೇ, ಹುಡುಗಿಯರು ಮೂವತ್ತೆರಡು! ಬಹಳಷ್ಟು ಮಂದಿ ಕನ್ನಡ ಮೀಡಿಯಂನಿಂದ ಬಂದವರು. ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ನಾನು ಒಂದೆರಡು ಪುಟ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುವುದು. ಆಮೇಲೆ ಪುಸ್ತಕ ಒಬ್ಬಳ ಜೊತೆ ಹಾಸ್ಟೆಲ್ಲಿಗೆ ಹೋಗುತ್ತೆ, ಮುಂದಿನ ವಾರ ತಾನು ಓದಿದ್ದನ್ನು ಅವಳು ಹೇಳಬೇಕು. ಪುಸ್ತಕದ ಬೆನ್ನು ಈಗಾಗಲೇ ಕಿತ್ತು, ಗೋಂದಿನ ಮೇಲೆ ನಿಂತಿದೆ.

ಹೆನ್ರಿಯೆಟ್ಟಾ ತಂಬಾಕಿನ ಹೊಲದಲ್ಲಿ ದುಡಿದು ಬೆಳೆದ ಕಪ್ಪು ಹೆಣ್ಣುಮಗಳು, ಐದು ಮಕ್ಕಳ ತಾಯಿ. 1951ರಲ್ಲಿ ಗರ್ಭಕಂಠದ ಕ್ಯಾನ್ಸರ್ ಅಂತ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಳು. ಕಪ್ಪು ಜನರಿಗೆ ಅಲ್ಲಿ ಬೇರೆಯೇ ವಾರ್ಡು. ಚಿಕಿತ್ಸೆಯ ಹೊತ್ತಿನಲ್ಲಿ ಆಕೆಯ ಗಡ್ಡೆಯಿಂದ ಒಂದು ಚೂರು ತೆಗೆದು ಲ್ಯಾಬಿಗೆ ಕೊಟ್ಟರು. ಆಕೆಗೆ ಹೇಳಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ 31ನೇ ವಯಸ್ಸಿಗೆ ಆಕೆ ತೀರಿಕೊಂಡಳು. ಆ ಜೀವಕೋಶಗಳು ಮಾತ್ರ ಸಾಯಲಿಲ್ಲ. 'ಹೀಲಾ' ಅಂತ ಹೆಸರಾಗಿ ಪೋಲಿಯೋ ಲಸಿಕೆಯ ಪರೀಕ್ಷೆಯಿಂದ ಹಿಡಿದು ಎಲ್ಲದಕ್ಕೂ ಬಳಕೆಯಾದವು, ಮಾರಾಟವಾದವು. ಮನೆಯವರಿಗೆ ಗೊತ್ತಾದದ್ದು 1973ರಲ್ಲಿ. ಒಂದು ದೊಡ್ಡ ಕಂಪನಿ ಆಕೆಯ ವಂಶಸ್ಥರ ಜೊತೆ ರಾಜಿ ಮಾಡಿಕೊಂಡಿದ್ದು 2023ರಲ್ಲಿ. ಲೆಕ್ಕ ಹಾಕಿ, 72 ವರ್ಷ!

ಆದರೆ ನಮ್ಮ ಕ್ಲಾಸನ್ನು ಅಲ್ಲಾಡಿಸಿದ್ದು ಬೇರೆ ವಿಷಯ. ಹೆನ್ರಿಯೆಟ್ಟಾ ಸಹಿ ಮಾಡಿದ್ದಳು. ಆಪರೇಷನ್ನಿಗೆ ಒಪ್ಪಿದ್ದೇನೆ ಅನ್ನುವ ಕಾಗದಕ್ಕೆ ಆಕೆಯ ಸಹಿ ಇತ್ತು. "ಹಂಗಾದ್ರ ಆಸ್ಪತ್ರಿಯವ್ರದು ತಪ್ಪಿಲ್ಲೇನ್ರಿ ಮೇಡಂ?" ಅಂತ ಒಬ್ಬಳು ಕೇಳಿದಳು. ಆ ಒಂದು ಪ್ರಶ್ನೆಯ ಮೇಲೆ ಎರಡು ಶನಿವಾರ ಹೋದವು.

ಸಹೋದ್ಯೋಗಿಯೊಬ್ಬರು "ಅಮೆರಿಕದ ಕರಿಯರ ಕಥೆ ನಮ್ಮ ಹುಡುಗಿಯರಿಗೆ ಯಾಕ್ರೀ? ಅಲ್ಲಿನ ಬಣ್ಣ ಬೇರೆ, ಇಲ್ಲಿನ ಜಾತಿ ಬೇರೆ" ಅಂದರು. ಬೇರೆ ಹೌದು, ನಾನೂ ಒಪ್ತೀನಿ. ನಮ್ಮಲ್ಲಿ ವಾರ್ಡಿನ ಬಾಗಿಲಿಗೆ ಬೋರ್ಡು ಇಲ್ಲ. ಬೋರ್ಡು ನಮ್ಮ ನಾಲಿಗೆಯ ಮೇಲಿದೆ. ವಾರ್ಡಿನಲ್ಲಿ ಒಂದು ವಾರ ಯಾರಿಗೆ 'ಬರ್ರಿ ಅಕ್ಕಾರ' ಅಂತಾರೆ, ಯಾರಿಗೆ 'ಬಾರಬೇ ಇಲ್ಲಿ' ಅಂತಾರೆ ಬರೆದುಕೊಂಡು ಬನ್ನಿ ಅಂತ ಹುಡುಗಿಯರಿಗೆ ಹೇಳಿದ್ದೆ. ಬರೆದುಕೊಂಡು ಬಂದರು. ಓದಿ ಹೇಳುವಾಗ ಕ್ಲಾಸು ತಣ್ಣಗಾಯ್ತು, ಯಾಕಂದರೆ ಆ ಪಟ್ಟಿಯಲ್ಲಿ ನಮ್ಮದೇ ಮಾತುಗಳಿದ್ದವು. ಒಂದು ಕಡೆ ನನ್ನದೂ.

ಆಮೇಲೆ ಕಲಬುರಗಿಯ ವಿಷಯ ತೆಗೆದೆ. ಹೊಟ್ಟೆನೋವು, ಬಿಳಿಮುಟ್ಟು ಅಂತ ಖಾಸಗಿ ಆಸ್ಪತ್ರೆಗೆ ಹೋದ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳಿಗೆ, ದಲಿತ ಹೆಣ್ಣುಮಕ್ಕಳಿಗೆ, ಕ್ಯಾನ್ಸರ್ ಆಗುತ್ತೆ ಅಂತ ಹೆದರಿಸಿ ಗರ್ಭಚೀಲ ತೆಗೆದಿದ್ದಾರೆ ಅಂತ 2015ರ ಸುಮಾರಿಗೆ ದೊಡ್ಡ ಗದ್ದಲ ಆಯ್ತು. ಅವರಲ್ಲಿ ಬಹಳ ಮಂದಿ ನಲವತ್ತು ದಾಟದವರು. ಹೆಣ್ಣುಮಕ್ಕಳೇ ಬೀದಿಗಿಳಿದರು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳಲ್ಲೂ ಇದೇ ಕಥೆ. ಆ ಕೇಸಿನಲ್ಲಿ ಸುಪ್ರೀಂ ಕೋರ್ಟು 2023ರಲ್ಲಿ ರಾಜ್ಯಗಳಿಗೆ ಮಾರ್ಗಸೂಚಿ ಜಾರಿ ಮಾಡಿ ಅಂದಿತು. ಅದಕ್ಕೂ ಮುಂಚೆ 2008ರಲ್ಲೇ, ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಒಂದು ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಗರ್ಭಕೋಶ ತೆಗೆಯುವುದಕ್ಕೆ ಒಪ್ಪಿಗೆ ಅಲ್ಲ, ಆಕೆ ಮಂಪರಿನಲ್ಲಿದ್ದಾಗ ಹೊರಗೆ ಕೂತ ತಾಯಿಯನ್ನು ಕೇಳಿದರೆ ಸಾಲದು ಅಂತ ಅದೇ ಕೋರ್ಟು ಹೇಳಿತ್ತು.

ಇದನ್ನೆಲ್ಲ ಕೇಳುತ್ತಾ ಹಿಂದಿನ ಬೆಂಚಿನವಳು ಎದ್ದು "ನಮ್ಮವ್ವಂದೂ ತಗದಾರ್ರಿ ಮೇಡಂ. ಯಾಕಂತ ಯಾರೂ ಹೇಳಿಲ್ರಿ" ಅಂದಳು. ಮತ್ತಿಬ್ಬರು ಕೈ ಎತ್ತಿದರು. ಈ ಮೂವರೂ ಕಳೆದ ಪರೀಕ್ಷೆಯಲ್ಲಿ ಒಪ್ಪಿಗೆ ಪತ್ರದ ಪ್ರಶ್ನೆಗೆ ಚೆನ್ನಾಗಿ ಉತ್ತರ ಬರೆದವರೇ.

ಡಾಕ್ಟರ್ ಓದುವವರಿಗೆ 2019ರಿಂದ ನೀತಿ, ಸಂವಹನ ಅಂತ ಹೊಸ ಪಾಠ ಬಂದಿದೆ, ಒಳ್ಳೆಯದು. ಆದರೆ ನಮ್ಮ ಕಡೆ ಕಾಗದ, ಇಂಕ್ ಪ್ಯಾಡು ಹಿಡಿದು ಮಂಚದ ಹತ್ತಿರ ಹೋಗುವುದು ಸಿಸ್ಟರ್. ಹಾಗಾಗಿ ಇಂಥ ಪುಸ್ತಕ ಮೊದಲು ಓದಬೇಕಾದದ್ದು ನರ್ಸಿಂಗ್ ಹುಡುಗಿಯರು ಅನ್ನುವುದು ನನ್ನ ಹಟ. ಅದೂ ಒಬ್ಬೊಬ್ಬರೇ ಕೂತು ಅಲ್ಲ, ಒಟ್ಟಿಗೆ, ಜೋರಾಗಿ ಓದಬೇಕು. ಒಬ್ಬಳೇ ಓದಿದ್ದರೆ ಆ ಹುಡುಗಿ ಎದ್ದು ನಿಲ್ಲುತ್ತಿರಲಿಲ್ಲ.

ಇನ್ನು ಚಿಗವ್ವ. ಅವಳಿಗೂ ಮೂವತ್ತಮೂರಕ್ಕೇ ಆಪರೇಷನ್ ಆಗಿತ್ತು, ಯಾವ ಆಸ್ಪತ್ರೆ ಅನ್ನುವುದು ಬೇಡ. ಮೊನ್ನೆ ಧೈರ್ಯ ಮಾಡಿ ಕಾಗದ ಇದೆಯಾ ಅಂತ ಕೇಳಿದೆ. ಟ್ರಂಕಿನಿಂದ ಪ್ಲಾಸ್ಟಿಕ್ ಚೀಲ ತೆಗೆದಳು. ಡಿಸ್ಚಾರ್ಜ್ ಕಾರ್ಡಿನಲ್ಲಿ ಕಾರಣ ಅಂತ ಇಂಗ್ಲಿಷಿನ ಮೂರೇ ಅಕ್ಷರ: ಡಿ.ಯು.ಬಿ. ಅಂದರೆ ಕಾರಣ ತಿಳಿಯದ ಅತಿ ರಕ್ತಸ್ರಾವ.

"ಏನಂತ ಬರದಾರವ್ವಾ?"

"ಭಾಳ ರಕ್ತ ಹೋಗತಿತ್ತು ಅಂತ ಐತಿ ಚಿಗವ್ವ."

"ನನಗ ಟೊಂಕದ ನೋವಿತ್ತು. ರಕ್ತ ಎಲ್ಲಿ ಹೋಗತಿತ್ತು?"

ನಾನು ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿನ ನಂತರ, ನಮ್ಮ ಹುಡುಗಿಯರಿಗೆ ಇದನ್ನು ತೋರಿಸಲಾ, ಹೆಸರು ಮುಚ್ಚಿ ತೋರಿಸ್ತೀನಿ ಅಂತ ಕೇಳಿದೆ. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಕೈಗೆ ಕೊಟ್ಟಳು.

"ಒಯ್ಯಿ. ಹೆಸರು ಮುಚ್ಚಬ್ಯಾಡ. ಮತ್ತ ಹೊಳ್ಳಿ ತಂದುಕೊಡು, ಅದು ನಂದು."