ಸೋಮವಾರದ ಹೊಟ್ಟೆನೋವು

ಚಿಕ್ಕನಾಯಕನಹಳ್ಳಿಯ ಕಡೆಯ ತೋಟದ ಮನೆಯೊಂದರಲ್ಲಿ ಗೃಹಿಣಿಯೊಬ್ಬರು ನನ್ನನ್ನು ಕೇಳಿದರು: "ಮೇಷ್ಟ್ರೇ, ನಮ್ಮ ಹುಡುಗಿಗೆ ಭಾನುವಾರ ಏನೂ ಇಲ್ಲ. ಸೋಮವಾರ ಬೆಳಗಾದರೆ ಹೊಟ್ಟೆನೋವು. ಕಳ್ಳಾಟವಲ್ಲದೆ ಇನ್ನೇನು?" ಹತ್ತನೆಯ ತರಗತಿಯ ಆ ಹುಡುಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು.

ನನಗೆ ಕೂಡಲೆ ಉತ್ತರ ಹೊರಡಲಿಲ್ಲ. ಈ ಮಾತನ್ನು ಹಿಂದೆ ನಾನೇ ಆಡಿದ್ದೆನು. ಪರೀಕ್ಷೆಯ ದಿನ ಹೊಟ್ಟೆ ಹಿಡಿದುಕೊಂಡು ಬಂದ ಬಾಲಕನೊಬ್ಬನನ್ನು ತರಗತಿಯ ಮುಂದೆ ನಿಲ್ಲಿಸಿ ನಗೆಗೀಡು ಮಾಡಿದ್ದೆನು. ಮರುವಾರದಿಂದ ಅವನು ಶಾಲೆಗೆ ಬರಲೇ ಇಲ್ಲ. ಸಂಸ್ಕೃತ ಓದಿದವನಿಗೆ ಈ ತಪ್ಪು ಸಲ್ಲದು. 'ಉದ್ವೇಗ' ಶಬ್ದದ ಧಾತುವಿಗೆ ವೈಯಾಕರಣರು ಭಯ, ಚಲನ ಎಂಬೆರಡು ಅರ್ಥಗಳನ್ನೂ ಜೊತೆಯಾಗಿಯೇ ಹೇಳಿರುವರು. ಮನಸ್ಸು ಹೆದರಿದರೆ ಮೈಯೂ ಅಲುಗುವುದು. ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಹೊಟ್ಟೆ ನುಲಿಯುವುದು, ಇವು ನಟನೆಯಲ್ಲ. ಇಂದಿನ ವೈದ್ಯರ ಮತವೂ ಇದೇ.

ನಿದ್ರೆ ಕೆಡುವುದು, ಕಾರಣವಿಲ್ಲದೆ ಸಿಡುಕುವುದು, ಗೆಳತಿಯರನ್ನು ದೂರವಿಡುವುದು, ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವುದು, ಇವೂ ಅದರ ಗುರುತುಗಳೇ. ತಿಪಟೂರಿನಲ್ಲಿ ಕೊಬ್ಬರಿಯ ಧಾರಣೆ ಇಳಿದ ರಾತ್ರಿ ನಾವು ಆಡುವ ಸಾಲದ ಮಾತು ಒಳಕೋಣೆಗೆ ಕೇಳಿಸದೆಂದು ತಿಳಿಯಬಾರದು. "ನೀನೊಬ್ಬಳು ಓದಿ ದಡ ಸೇರಿಸು" ಎಂಬ ಹೊರೆ ಹದಿನೈದರ ಹೆಗಲಿಗೆ ಅತಿಯಾಯಿತು.

ಮೊದಲು ಮಾಡತಕ್ಕದ್ದು ಕೇಳುವುದು. ಅಟ್ಟದ ಕಾಯಿ ಉಂಡೆಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಕಾಯುವ ನಾವು ಮಗುವಿನ ಮಾತಿಗೆ ಹತ್ತು ನಿಮಿಷ ಕಾಯಲಾರೆವೆ? ಹಾಗೆಂದು ಶಾಲೆಯನ್ನೇ ಬಿಡಿಸುವುದು ಸರಿಯಲ್ಲ. ತಪ್ಪಿಸಿಕೊಂಡಷ್ಟೂ ಭಯವು ಬೆಳೆಯುವುದು. ಮೊದಲ ದಿನ ಒಂದು ಪಾಠ, ಆಮೇಲೆ ಎರಡು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ, ಉಪಾಧ್ಯಾಯರಿಗೆ ಗುಟ್ಟಾಗಿ ತಿಳಿಸಿ ಕಳುಹಿಸತಕ್ಕದ್ದು. ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ.ಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆಯೆಂದೂ ಹೇಳಿರಿ.

ವಾರಗಟ್ಟಲೆ ಊಟ, ನಿದ್ರೆ, ಓದು ಕೆಟ್ಟಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಹೊಟ್ಟೆಯನ್ನೂ ಅವರು ಪರೀಕ್ಷಿಸಲಿ. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಎಂಬ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. "ಬದುಕೇ ಬೇಡ" ಎಂದು ಮಗು ಅಂದರೆ ಗದರಬೇಡಿರಿ, ಒಂಟಿಯಾಗಿ ಬಿಡಬೇಡಿರಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇಷ್ಟನ್ನು ಹೇಳಿ ಬಂದೆನು. ಮೊದಲ ಸೋಮವಾರ ಆ ಹುಡುಗಿ ಶಾಲೆಯ ಬಾಗಿಲವರೆಗೆ ಹೋಗಿ ತಂದೆಯೊಡನೆ ಹಿಂದಿರುಗಿದಳಂತೆ. ಮೊನ್ನೆಯ ಸೋಮವಾರ ಮಧ್ಯಾಹ್ನದ ಊಟದ ಗಂಟೆಯವರೆಗೆ ಕುಳಿತಿದ್ದಳೆಂದು ತಾಯಿ ಹೇಳಿ ಕಳುಹಿಸಿದ್ದಾರೆ.