ಇದ್ದಲು ಬಿಟ್ಟ ಎರಡು ದೇಶಗಳು

2024ರ ಸೆಪ್ಟೆಂಬರ್ 30ರಂದು ಇಂಗ್ಲೆಂಡಿನ ರ‍್ಯಾಟ್‌ಕ್ಲಿಫ್ ವಿದ್ಯುತ್ ಸ್ಥಾವರದ ಒಲೆ ಆರಿತು. 1882ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲಿನ ವಿದ್ಯುತ್ತಿನಿಂದ ಬೀದಿದೀಪ ಬೆಳಗಿಸಿದ ಬ್ರಿಟನ್, 142 ವರ್ಷಗಳ ಮೇಲೆ ಅದನ್ನು ಪೂರ್ತಿ ಬಿಟ್ಟಿತು. ಹೊಗೆಯ ಮೇಲೆ ಸಾಧಿಸಿದ ಜಯ ಇದು, ನಿಜ. ಈ ಜಯದ ಬೆಲೆ ತೆತ್ತವರು ಯಾರೆಂದು ತಿಳಿಯಬೇಕಾದರೆ ಪಕ್ಕದ ಫ್ರಾನ್ಸನ್ನೂ ನೋಡಬೇಕು.

ಯುದ್ಧ ಮುಗಿದ ಮೇಲೆ ಎರಡು ದೇಶಗಳೂ ವಿದ್ಯುತ್ತನ್ನು ರಾಷ್ಟ್ರೀಕರಿಸಿದವು. ಫ್ರಾನ್ಸ್ 1946ರಲ್ಲಿ, ಬ್ರಿಟನ್ 1948ರಲ್ಲಿ. ಬ್ರಿಟನ್ನಿನಲ್ಲಿ ಆಗ ನೂರಕ್ಕೆ 90ಕ್ಕೂ ಮಿಕ್ಕಿ ವಿದ್ಯುತ್ತು ಕಲ್ಲಿದ್ದಲಿನದು. ಫ್ರಾನ್ಸ್ 1960ರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನದಿಗಳಿಂದ ಪಡೆಯುತ್ತಿತ್ತು. ಬೇಡಿಕೆ ಏರಿದಂತೆ ಎಣ್ಣೆಗೆ ಕೈಚಾಚಿತು. 1973ರಲ್ಲಿ ಎಣ್ಣೆಯ ಬೆಲೆ ಗಗನಕ್ಕೇರಿತು. ಮರುವರ್ಷವೇ ಪ್ರಧಾನಿ ಮೆಸ್ಮೇರ್ ಅಣುಸ್ಥಾವರಗಳ ಯೋಜನೆ ಸಾರಿದರು. 1973ರಲ್ಲಿ ನೂರಕ್ಕೆ 8ರಷ್ಟಿದ್ದ ಅಣುವಿದ್ಯುತ್ತು 1990ರಲ್ಲಿ ಸುಮಾರು 75ಕ್ಕೆ ಮುಟ್ಟಿತು. ಇಷ್ಟು ದೊಡ್ಡ ತೀರ್ಮಾನ ಪಾರ್ಲಿಮೆಂಟಿನ ಚರ್ಚೆಯಿಲ್ಲದೆ ಆಯಿತು. ಸರಕಾರದ ಒಡೆತನವೆಂದ ಮಾತ್ರಕ್ಕೆ ಅದು ಜನರ ಒಡೆತನವಲ್ಲ. ಯುರೇನಿಯಂ ಕೊಟ್ಟ ಆಫ್ರಿಕದ ನೈಜರಿನಲ್ಲಿ ಬಹುಪಾಲು ಮನೆಗಳಿಗೆ ಇಂದಿಗೂ ದೀಪವಿಲ್ಲ.

ಬ್ರಿಟನ್ನಿನ ದಾರಿಯೇ ಬೇರೆ. ಅಲ್ಲಿ 1984ರಲ್ಲಿ 20 ಗಣಿ ಮುಚ್ಚಿ 20,000 ಕೆಲಸ ಕಡಿಯುವ ಮಾತು ಹೊರಟಿತು. ಗಣಿ ಕಾರ್ಮಿಕರು ಒಂದು ವರ್ಷ ಮುಷ್ಕರ ಹೂಡಿ, ಹಸಿದು, ಸೋತು ಕೆಲಸಕ್ಕೆ ಮರಳಿದರು. 1990ರಲ್ಲಿ ವಿದ್ಯುತ್ತನ್ನು ಖಾಸಗಿಯವರಿಗೆ ಮಾರಲು ತೊಡಗಿದರು. ಹೊಸ ಒಡೆಯರಿಗೆ ಉತ್ತರ ಸಮುದ್ರದ ಅನಿಲ ಅಗ್ಗವಾಗಿ ಕಂಡಿತು. ಅದುವರೆಗೆ ಇಲ್ಲವೆನ್ನುವಷ್ಟಿದ್ದ ಅನಿಲದ ಪಾಲು 2000ದ ಹೊತ್ತಿಗೆ ನೂರಕ್ಕೆ 40ರ ಹತ್ತಿರ ಬಂತು. ಮುಷ್ಕರದ ಕಾಲಕ್ಕೆ ಸುಮಾರು 170 ಇದ್ದ ಗಣಿಗಳಲ್ಲಿ ಹತ್ತು ವರ್ಷಕ್ಕೆ ಉಳಿದವು ಬೆರಳೆಣಿಕೆಯಷ್ಟು. ಗಾಳಿಯ ವಿದ್ಯುತ್ತು ಬೆಳೆದದ್ದು ಅದಕ್ಕೂ ಆಮೇಲೆ; 2024ರಲ್ಲಿ ಅದು ಅನಿಲಕ್ಕೆ ಸರಿಸಮವಾಯಿತು.

ಫ್ರಾನ್ಸಿನಲ್ಲೂ ಗಣಿಗಳು ಮುಚ್ಚಿದವು. ಕೊನೆಯದಾದ ಲಾ ಊವ್ 2004ರಲ್ಲಿ. ಆದರೆ ಹತ್ತು ವರ್ಷ ಮೊದಲೇ, 1994ರಲ್ಲಿ, ಕಾರ್ಮಿಕ ಸಂಘಗಳೊಡನೆ ಒಪ್ಪಂದವಾಗಿತ್ತು: ಯಾರನ್ನೂ ವಜಾ ಮಾಡಕೂಡದು, ವಯಸ್ಸಾದವರಿಗೆ ನಿವೃತ್ತಿಯವರೆಗೆ ಸಂಬಳದ ಬಹುಭಾಗ ಸಲ್ಲಬೇಕು.

ಅಂಗಡಿಕಾರರು ಗಮನಿಸಬೇಕಾದ ಲೆಕ್ಕವೊಂದಿದೆ. 2022ರಲ್ಲಿ ಅನಿಲ ತುಟ್ಟಿಯಾದಾಗ ಬ್ರಿಟನ್ನಿನ ಮನೆಗಳ ದರಮಿತಿ ಏಪ್ರಿಲ್ ಒಂದರಲ್ಲೇ ನೂರಕ್ಕೆ 54 ಏರಿತು. ಸಣ್ಣ ಅಂಗಡಿಗೆ ಆ ಮಿತಿಯೂ ಇರಲಿಲ್ಲ. ಫ್ರಾನ್ಸಿನಲ್ಲಿ ಸರಕಾರಿ ದರದ ಏರಿಕೆಯನ್ನು ಆ ವರ್ಷ ನೂರಕ್ಕೆ 4ಕ್ಕೆ ಕಟ್ಟಿಹಾಕಿದರು. ಅದೇ ವರ್ಷ ಅಲ್ಲಿನ 56 ಅಣುಸ್ಥಾವರಗಳಲ್ಲಿ ಸುಮಾರು ಅರ್ಧ, ದುರಸ್ತಿಗೆಂದೂ ಕೊಳವೆಗಳ ಬಿರುಕಿನಿಂದಲೂ ನಿಂತುಹೋಗಿ, ಹೊರಗಿನಿಂದ ವಿದ್ಯುತ್ತು ತರಿಸಬೇಕಾಯಿತೆಂಬುದನ್ನೂ ಮರೆಮಾಚುವಂತಿಲ್ಲ.

ನಮ್ಮ ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕಗಳು 1985ರ ಸುಮಾರಿನವು. ಅವುಗಳನ್ನು ನಿಲ್ಲಿಸುವ ಮಾತು ಬಂದ ದಿನ, ಅಲ್ಲಿ ಬೂದಿ ಹೊರುವ ಗುತ್ತಿಗೆ ಕೂಲಿಯವನನ್ನೂ ಸೇರಿಸಿ 1994ರ ಆ ಬಗೆಯ ಒಪ್ಪಂದ ಮೊದಲು ಆಗಬೇಕೆಂದು ಸರಕಾರವನ್ನು ಒತ್ತಾಯಿಸುತ್ತೇವೆ.