ಚಾವಣಿಯ ಮೇಲಿನ ಚುಕ್ಕಾಣಿ

ಜೋಡಿ ಒಡಲಿನ ದೋಣಿಗೆ ಪಾಶ್ಚಾತ್ಯರು ಇಟ್ಟಿರುವ ‘ಕ್ಯಾಟಮರಾನ್’ ಎಂಬ ಹೆಸರು ನೆರೆಯ ತಮಿಳರ ‘ಕಟ್ಟುಮರಂ’ ಎಂಬ ಮಾತಿನಿಂದ ಹುಟ್ಟಿದ್ದು. ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ಆ ಬಡ ತೆಪ್ಪಕ್ಕೂ, ಅಡಿಗೆಮನೆ, ಮಲಗುವ ಕೋಣೆ, ಎರಡು ಯಂತ್ರಗಳುಳ್ಳ ಇಂದಿನ ದೋಣಿಗೂ ಹೆಸರಿನ ಹೊರತು ನಂಟು ಕಡಿಮೆ. ಇಂತಹ ಯಂತ್ರದೋಣಿಯನ್ನು ಕೊಳ್ಳಹೊರಟ ಅಮೆರಿಕದ ಗೃಹಸ್ಥರನ್ನು ಕಾಡುವ ಪ್ರಶ್ನೆಯೊಂದುಂಟು. ಚಾವಣಿಯ ಮೇಲೆ ಇನ್ನೊಂದು ಚುಕ್ಕಾಣಿಯನ್ನೂ ಆಸನಗಳನ್ನೂ ಇಟ್ಟು ಕಟ್ಟುವ ‘ಫ್ಲೈಬ್ರಿಡ್ಜ್’ ಎಂಬ ಮೇಲಟ್ಟ ಬೇಕೆ, ಬೇಡವೆ?

ಬೇಕೆನ್ನುವವರ ವಾದ ಹುರುಳಿಲ್ಲದ್ದಲ್ಲ. ನೀರಿನಿಂದ 9 ಅಡಿ ಎತ್ತರದಲ್ಲಿ ಕಣ್ಣುಳ್ಳವನಿಗೆ ದಿಗಂತವು ಸುಮಾರು ಮೂರೂವರೆ ನಾವಿಕ ಮೈಲಿ ದೂರ. 16 ಅಡಿಗೇರಿದರೆ ಅದು ಸುಮಾರು ನಾಲ್ಕೂಮುಕ್ಕಾಲು ಮೈಲಿಗೆ ಸರಿಯುತ್ತದೆ. ಆದರೆ ನಿಜವಾದ ಲಾಭ ದೂರದ್ದಲ್ಲ, ಆಳದ್ದು. ಬಹಾಮಾ ದ್ವೀಪಗಳ ತಿಳಿನೀರಿನಲ್ಲಿ ಬಣ್ಣವೇ ನಕ್ಷೆ. ಕಡುನೀಲಿಯೆಂದರೆ ಆಳ, ತಿಳಿಹಸಿರೆಂದರೆ ಮೇಲೆದ್ದ ಮರಳು, ಕಂದಾಗಿ ಕಂಡದ್ದು ಒಡಲನ್ನು ಸೀಳಬಲ್ಲ ಹವಳದ ಬಂಡೆ. ಸೂರ್ಯನು ಬೆನ್ನಿಗಿರುವಾಗ ಮೇಲಿನಿಂದ ನೋಡಿದವನು ಇದನ್ನೆಲ್ಲ ಓದಬಲ್ಲನು. ಕೆಳಗೆ ಗಾಜಿನ ಹಿಂದೆ ಕುಳಿತವನಿಗೆ ನೀರಿನ ಹೊಳಪೇ ಕಣ್ಣಿಗೆ ಹೊಡೆಯುತ್ತದೆ. ಒಂಟಿ ಒಡಲಿನ ದೋಣಿಯಲ್ಲಿ ಮೇಲಟ್ಟವು ತೊಟ್ಟಿಲಿನಂತೆ ತೂಗುವುದು. ಅಗಲವಾಗಿ ಕಾಲೂರಿದ ಜೋಡಿ ಒಡಲಿನಲ್ಲಿ ಆ ಬಾಧೆಯೂ ಕಡಿಮೆ.

ಬೆಲೆ ತೆರಬೇಕಾದುದು ಹಣದಲ್ಲಿ ಮಾತ್ರವಲ್ಲ, ಭಾರದಲ್ಲಿ. ಕಿರಿದಾದ ಒಡಲುಗಳು ಭಾರಕ್ಕೆ ಬೇಗನೆ ಕುಸಿಯುತ್ತವೆ. ನಡುವಣ ಅಟ್ಟವು ನೀರಿಗೆ ಹತ್ತಿರವಾಗಿ, ಅಲೆಗಳು ಅದರ ಅಡಿಯನ್ನು ದಡದಡನೆ ಗುದ್ದತೊಡಗುತ್ತವೆ. ಎತ್ತರದ ಪಕ್ಕಕ್ಕೆ ಗಾಳಿಯ ಒತ್ತಡವೂ ಹೆಚ್ಚು. ದಡ ಸೇರಿಸುವ ಹೊತ್ತಿನಲ್ಲಂತೂ ಮೇಲೆ ಚುಕ್ಕಾಣಿ ಹಿಡಿದ ಪತಿಯ ಮಾತು ಕೆಳಗೆ ಹಗ್ಗ ಹಿಡಿದ ಪತ್ನಿಗೆ ಕೇಳಿಸದು. ಸ್ಥಾನಗಳು ಅದಲುಬದಲಾದರೂ ಜಗಳ ತಪ್ಪದು!

ಆದರೆ ಎಲ್ಲಕ್ಕಿಂತ ನಿರ್ದಾಕ್ಷಿಣ್ಯವಾದುದು ಸೇತುವೆ. ನಿವೃತ್ತರಾದ ಅನೇಕ ದಂಪತಿಗಳು ಜೀವಮಾನದ ಉಳಿತಾಯವನ್ನು ದೋಣಿಗೆ ಸುರಿಯುವುದು ‘ಗ್ರೇಟ್ ಲೂಪ್’ ಯಾತ್ರೆಗಾಗಿ. ಅಟ್ಲಾಂಟಿಕ್ ತೀರ, ಮಹಾಸರೋವರಗಳು, ಒಳನಾಡಿನ ನದಿಗಳು, ಮೆಕ್ಸಿಕೋ ಕೊಲ್ಲಿ ಇವುಗಳ ಮೂಲಕ ಸುತ್ತಿಬರುವ ಸುಮಾರು 6,000 ಮೈಲಿಗಳ ಪ್ರದಕ್ಷಿಣೆಯದು. ಶಿಕಾಗೋ ನಗರವನ್ನು ದಾಟಿ ಮಿಸಿಸಿಪಿಯ ಕಡೆಗೆ ಸಾಗುವ ಕಾಲುವೆಗೆ ಅಡ್ಡಲಾಗಿ ಮೇಲೆತ್ತಲು ಬಾರದ ರೈಲುಸೇತುವೆಯೊಂದಿದೆ. ಅದರಡಿಯಲ್ಲಿ ಸಿಗುವ ತೆರಪು ಸುಮಾರು ಹತ್ತೊಂಬತ್ತೂವರೆ ಅಡಿ. ಬಳಸುದಾರಿಯಿಲ್ಲ. ಈರಿ ಕಾಲುವೆಯ ಪಶ್ಚಿಮ ಭಾಗವನ್ನು ಆರಿಸಿಕೊಂಡವರಿಗಂತೂ ದೊರೆಯುವುದು ಹದಿನೈದೂವರೆ ಅಡಿ ಮಾತ್ರ. ಮೇಲಟ್ಟ, ಅದರ ಮೇಲೊಂದು ಗಟ್ಟಿ ಸೂರು, ಆ ಸೂರಿನ ಮೇಲೆ ರೇಡಾರಿನ ಕಂಬ: ಹೀಗೆ ಪೇರಿಸುತ್ತ ಹೋದವರ ಯಾತ್ರೆ ಅಲ್ಲಿಗೇ ನಿಂತಿತು.

ಬಹಾಮಾದ ಹವಳದ ನಡುವೆ ತಿರುಗುವವರಿಗೆ ಮೇಲಟ್ಟವು ಆಡಂಬರವಲ್ಲ, ಕಣ್ಣು. ನದಿಕಾಲುವೆಗಳಲ್ಲೇ ಸಂಚರಿಸುವವರೂ ಮೊಣಕಾಲು ನೋವಿನವರೂ ಅದಿಲ್ಲದೆ ಸುಖವಾಗಿರಬಹುದು. ಎರಡೂ ಬೇಕೆನ್ನುವವರು ಮಡಿಸಬಹುದಾದ ಬಟ್ಟೆಯ ಸೂರನ್ನೂ ಮಲಗಿಸಬಹುದಾದ ಕಂಬವನ್ನೂ ಹಾಕಿಸಿಕೊಳ್ಳಬೇಕು. ಹಣ ಕೊಡುವ ಮೊದಲೇ ಎತ್ತರವನ್ನು ಅಳೆಯಿಸಬೇಕು. ಅಳೆಯುವಾಗ ಎಣ್ಣೆ, ನೀರಿನ ತೊಟ್ಟಿಗಳು ಬರಿದಾಗಿರುವುದು ಲೇಸು. ತುಂಬಿದ ದೋಣಿ ಕೆಲವು ಅಂಗುಲ ತಗ್ಗಿ ನಿಂತು, ಸೇತುವೆಯ ಬಳಿಗೆ ಬರುವ ವೇಳೆಗೆ ಬರಿದಾಗಿ ಮೇಲೆದ್ದಿರುತ್ತದೆ.